ಜೇಮ್ಸ್ ಕಸಿನ್ಸರ ಜಪಾನ್ ಯಾತ್ರೆ

ಇಂಗ್ಲಿಷ್ ಕಲಿಸಲು ಜಪಾನಿಗೆ ಹೋಗಬೇಕೆಂಬ ಹಂಬಲ ನನ್ನನ್ನು ಹಿಡಿದು ವರ್ಷವಾಯಿತು. ಕುಬಿಹಾಳದ ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಇಂಗ್ಲಿಷರ ಮಾತನ್ನು ಜಪಾನಿಯರಿಗೆ ಕಲಿಸಲು ಕುಬಿಹಾಳದವನೇಕೆ ಬೇಕೆಂದು ಅಪ್ಪ ಕೇಳಿದಾಗ ಉತ್ತರ ತೋಚಲಿಲ್ಲ. ಆಗ ನೆನಪಾದವರು ಜೇಮ್ಸ್ ಕಸಿನ್ಸರು.

ಇವರು 1873ರಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಜನಿಸಿದರು. ಚಿಕ್ಕಂದಿನಲ್ಲಿಯೇ ಶಾಲೆ ಬಿಟ್ಟು ಗುಮಾಸ್ತಿಕೆಗೆ ಸೇರಿದರು. ಮುಂದೆ ಕವಿಯೆಂದು ಹೆಸರಾಗಿ, 1915ರಲ್ಲಿ ಪತ್ನಿ ಮಾರ್ಗರೆಟ್ಟರೊಡನೆ ಭಾರತಕ್ಕೆ ಬಂದು ಆನಿ ಬೆಸೆಂಟರ ಕಾರ್ಯದಲ್ಲಿ ತೊಡಗಿದರು. ಮದನಪಲ್ಲಿಯ ಕಾಲೇಜಿನಲ್ಲಿದ್ದಾಗ ಟೋಕಿಯೋದ ಕೇಯೋ ವಿಶ್ವವಿದ್ಯಾಲಯದಿಂದ ಕರೆ ಬಂದಿತು. 1919ರಲ್ಲಿ ಹೋಗಿ ಆಧುನಿಕ ಇಂಗ್ಲಿಷ್ ಕಾವ್ಯವನ್ನು ಬೋಧಿಸಿ, ಮರುವರ್ಷವೇ ಹಿಂದಿರುಗಿದರು. ಗುಮಾಸ್ತರಾಗಿದ್ದವರನ್ನು ಡಾಕ್ಟರ್ ಕಸಿನ್ಸರನ್ನಾಗಿ ಮಾಡಿದ್ದು ಆ ವಿಶ್ವವಿದ್ಯಾಲಯವೇ. ಇದನ್ನೋದಿದಾಗ ನನಗಾದ ಧೈರ್ಯ ಅಷ್ಟಿಷ್ಟಲ್ಲ.

ಆದರೆ ಕನ್ನಡಿಗರಿಗೆ ಅವರು ಬೇರೊಂದು ಕಾರಣದಿಂದ ಬಂಧುಗಳು. 1924ರಲ್ಲಿ ಮೈಸೂರಿಗೆ ಬಂದಿದ್ದಾಗ, ವಿದ್ಯಾರ್ಥಿಯಾಗಿದ್ದ ಕುವೆಂಪು ಅವರಿಗೆ ತಮ್ಮ ಇಂಗ್ಲಿಷ್ ಕವನಗಳನ್ನು ತೋರಿಸಿದರು. ದೂರದ ಜಪಾನಿನಲ್ಲಿ ಇಂಗ್ಲಿಷ್ ಕಾವ್ಯ ಕಲಿಸಿ ಬಂದ ಆ ಪ್ರಾಧ್ಯಾಪಕರು ಹೊಗಳಲಿಲ್ಲ. ತಾಯ್ನುಡಿಯಲ್ಲಿ ಬರೆಯಲು ಹೇಳಿದರು. ತರುಣ ಕವಿಗೆ ಮೊದಲು ನಿರಾಶೆಯಾಯಿತು. ಆಮೇಲೆ ನಡೆದದ್ದನ್ನು ನಮ್ಮ ಓದುಗರಿಗೆ ನಾನು ಹೇಳಬೇಕಾಗಿಲ್ಲ. ನನ್ನ ಇಂಗ್ಲಿಷ್ ಪದ್ಯಗಳ ನೋಟುಬುಕ್ಕನ್ನು ಮಾತ್ರ ಅಂದಿನಿಂದ ಯಾರಿಗೂ ತೋರಿಸಿಲ್ಲ!

ಕಳೆದ ಸುಗ್ಗಿಯಲ್ಲಿ ಹೊಲದ ಬದುವಿನ ಮೇಲೆ ಕುಳಿತು ಅಪ್ಪನಿಗೆ ಇದನ್ನೆಲ್ಲ ವಿವರಿಸಿದೆ. ಹೋದವರು ತಿರುಗಿ ಬಂದರೋ ಇಲ್ಲವೋ ಎಂದಷ್ಟೇ ಕೇಳಿದ. ಬಂದರೆಂದೆ. ಬಂದದ್ದು ಬೆಲ್‌ಫಾಸ್ಟಿಗಲ್ಲ, ಮದನಪಲ್ಲಿಗೆ. 1956ರಲ್ಲಿ ಅಲ್ಲಿಯೇ ತೀರಿಕೊಂಡರು ಎಂಬುದನ್ನು ಹೇಳಲಿಲ್ಲ.