ಹಳೇ ಕಾರಿಗೆ ಡೀಸೆಲ್ ಎಂಜಿನ್ ಕೂರಿಸಿದ ಕಮಿನ್ಸ್

ಹಳೇ ಫೋರ್-ವೀಲ್ ಡ್ರೈವ್ ಟ್ರಕ್ಕಿಗೆ ಡೀಸೆಲ್ ಎಂಜಿನ್ ಕೂರಿಸೋರ ಬಾಯಲ್ಲಿ ಕಮಿನ್ಸ್ ಅನ್ನೋ ಹೆಸರು ಬಂದೇ ಬರುತ್ತೆ. ಆ ಹೆಸರಿನ ಹಿಂದಿರೋ ಮನುಷ್ಯ ಕ್ಲೆಸಿ ಕಮಿನ್ಸ್. ಹುಟ್ಟಿದ್ದು 1888ರಲ್ಲಿ, ಅಮೆರಿಕದ ಇಂಡಿಯಾನಾದಲ್ಲಿ. ಓದಿದ್ದು ಎಂಟನೇ ಕ್ಲಾಸ್ ತನಕ ಅಷ್ಟೇ. ಕೊಲಂಬಸ್ ಊರಿನ ಬ್ಯಾಂಕರ್ ಇರ್ವಿನ್ ಅವರ ಕಾರು ಓಡಿಸಿಕೊಂಡು, ರಿಪೇರಿ ಮಾಡಿಕೊಂಡು ಇದ್ದವರು. ಅದೇ ಇರ್ವಿನ್ ಕೊಟ್ಟ ದುಡ್ಡಿನಿಂದ 1919ರಲ್ಲಿ ಎಂಜಿನ್ ಕಂಪನಿ ಶುರು ಮಾಡಿದರು.

ಹತ್ತು ವರ್ಷವಾದರೂ ಲಾಭ ಕಾಣಲಿಲ್ಲ. 1929ರಲ್ಲಿ ಷೇರುಪೇಟೆ ಬೇರೆ ಕುಸಿಯಿತು. ಕಂಪನಿ ಮುಚ್ಚುವ ಹಂತಕ್ಕೆ ಬಂತು. ಆಗ ಕಮಿನ್ಸ್ ಒಂದು ಹಳೇ ಪ್ಯಾಕಾರ್ಡ್ ಕಾರಿನ ಪೆಟ್ರೋಲ್ ಎಂಜಿನ್ ಇಳಿಸಿ, ತಮ್ಮ ಡೀಸೆಲ್ ಎಂಜಿನ್ ಕೂರಿಸಿದರು. ಕ್ರಿಸ್‌ಮಸ್ ದಿನ ಇರ್ವಿನ್ ಅವರನ್ನ ಅದರಲ್ಲೇ ಸುತ್ತಾಡಿಸಿದರು. ಇರ್ವಿನ್ ಮತ್ತೆ ದುಡ್ಡು ಹಾಕಿದರು. ಮುಂದಿನ ತಿಂಗಳೇ ಆ ಕಾರು ಇಂಡಿಯಾನಾಪೊಲಿಸ್‌ನಿಂದ ನ್ಯೂಯಾರ್ಕ್‌ಗೆ, ಸುಮಾರು 800 ಮೈಲಿ, ಬರೀ 1.38 ಡಾಲರ್ ಇಂಧನದಲ್ಲಿ ತಲುಪಿತು.

ಓಡಿಸೋದು ಗೆದ್ದಾಯ್ತು, ನಿಲ್ಲಿಸೋದು? 1931ರಲ್ಲಿ ಕ್ಯಾಲಿಫೋರ್ನಿಯಾದ ಕಾಹೋನ್ ಪಾಸ್ ಇಳಿಯುವಾಗ ಅವರಿದ್ದ ಡೀಸೆಲ್ ಟ್ರಕ್ಕಿನ ಬ್ರೇಕ್ ಕೈಕೊಟ್ಟಿತು. ಕೆಳಗೆ ಹಳಿ ಮೇಲೆ ರೈಲು! ಸ್ವಲ್ಪದರಲ್ಲಿ ಬಚಾವಾದರು. ಪೆಟ್ರೋಲ್ ಎಂಜಿನ್ನಿನಲ್ಲಿ ಥ್ರಾಟಲ್ ಮುಚ್ಚಿದರೆ ಗಾಡಿಗೆ ಹಿಡಿತ ಸಿಗುತ್ತೆ. ಅವರ ಡೀಸೆಲ್‌ನಲ್ಲಿ ಥ್ರಾಟಲ್ಲೇ ಇರಲಿಲ್ಲ.

ಆ ಭಯ ಅವರನ್ನ ಬಿಡಲಿಲ್ಲ. 1950ರ ದಶಕದಲ್ಲಿ ಉತ್ತರ ಸಿಕ್ಕಿತು: ಕಂಪ್ರೆಷನ್ ಮುಗಿಯೋ ಹೊತ್ತಿಗೆ ಎಕ್ಸಾಸ್ಟ್ ವಾಲ್ವ್ ತೆರೆದು, ಒತ್ತಿದ ಗಾಳಿಯನ್ನ ಹೊರಗೆ ಬಿಟ್ಟರೆ ಅದು ಪಿಸ್ಟನ್ನನ್ನ ವಾಪಸ್ ತಳ್ಳಲ್ಲ, ಎಂಜಿನ್ನೇ ಬ್ರೇಕ್ ಆಗುತ್ತೆ. ಅದೇ ಜೇಕ್ ಬ್ರೇಕ್.

ಕಮಿನ್ಸ್ 1968ರಲ್ಲಿ ತೀರಿಕೊಂಡರು. ಎಂಜಿನ್ ಬದಲಿಸೋ ಆಸೆ ಇರೋರು ಟಾರ್ಕ್ ಲೆಕ್ಕದ ಜೊತೆ ಬ್ರೇಕಿನ ಲೆಕ್ಕಾನೂ ಹಾಕಿ.