ಸಂವೇಗಕ್ಕೆ ದಿಕ್ಕು ತೋರಿದ ಹೈಗೆನ್ಸ್

ರಾಶಿಯನ್ನು ವೇಗದಿಂದ ಗುಣಿಸಿದರೆ ಸಂವೇಗ. ಅಲ್ಲಿ ಜವ ಎನ್ನದೆ ವೇಗ ಎನ್ನುವುದೇಕೆ? ಉತ್ತರ ಕ್ರಿಶ್ಚಿಯಾನ್ ಹೈಗೆನ್ಸ್ ಅವರ ಬಾಳಿನಲ್ಲಿದೆ.

ಅವರು ಹುಟ್ಟಿದ್ದು 1629ರಲ್ಲಿ, ಹಾಲೆಂಡಿನ ಹೇಗ್ ನಗರದಲ್ಲಿ. ಮಹಾಪಂಡಿತ ಡೆಕಾರ್ಟೆ ಅವರ ತಂದೆಯ ಗೆಳೆಯರು. ಜಗತ್ತಿನ ಒಟ್ಟು ಚಲನೆ ಬದಲಾಗದೆಂದು ಡೆಕಾರ್ಟೆ ಸಾರಿದ್ದರು, ಆದರೆ ದಿಕ್ಕನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. 2 ಕೆ.ಜಿ.ಯ ಎರಡು ಹಸಿಮಣ್ಣಿನ ಉಂಡೆಗಳು ಸೆಕೆಂಡಿಗೆ 3 ಮೀಟರ್‌ನಂತೆ ಎದುರುಬದುರಾಗಿ ಬಂದು ಅಂಟಿ ನಿಂತವು ಎನ್ನಿ. ದಿಕ್ಕು ಬಿಟ್ಟರೆ ಮೊದಲು 6 ಮತ್ತು 6 ಸೇರಿ 12, ಆಮೇಲೆ ಸೊನ್ನೆ. ಆ 12 ಎಲ್ಲಿ ಹೋಯಿತು? ಒಂದನ್ನು +6, ಇನ್ನೊಂದನ್ನು −6 ಎಂದರೆ ಮೊದಲೂ ಸೊನ್ನೆ, ಆಮೇಲೂ ಸೊನ್ನೆ. (ಮೊಬೈಲ್ ಆಟದ ಪ್ರೋಗ್ರಾಂನಲ್ಲೂ ಈ ಮೈನಸ್ ಬಿಟ್ಟರೆ ಡಿಕ್ಕಿಯಾದ ಕಾರು ಎತ್ತಲೋ ಹಾರುತ್ತದೆ!)

ಇಪ್ಪತ್ತರ ಹರೆಯದಲ್ಲೇ ಹೈಗೆನ್ಸ್ ಡೆಕಾರ್ಟೆ ನಿಯಮಗಳನ್ನು ಸಂಶಯಿಸಿದರು. ತಂದೆಯ ಗೆಳೆಯರನ್ನು ತಿದ್ದುವುದು ಸಣ್ಣ ಮಾತಲ್ಲ. ದಡದ ಪಕ್ಕ ಸಾಗುವ ದೋಣಿಯಲ್ಲಿ ಒಬ್ಬ ಗುಂಡುಗಳನ್ನು ಡಿಕ್ಕಿ ಹೊಡೆಸುವುದನ್ನು ಅವರು ಕಲ್ಪಿಸಿಕೊಂಡರು. ದಡದಲ್ಲಿ ನಿಂತು ನೋಡುವವನಿಗೆ ಗುಂಡುಗಳ ವೇಗ ಬೇರೆ, ನಿಯಮ ಮಾತ್ರ ಅದೇ. ತುಂಗಭದ್ರೆಯ ದಂಡೆಯ ನಮಗೆ ಇದು ಬೇಗ ತಿಳಿದೀತು. 1669ರಲ್ಲಿ ಅವರ ನಿಯಮಗಳು ಪ್ರಕಟವಾದವು.

ಲೋಲಕದ ಗಡಿಯಾರ, ಶನಿಯ ಚಂದ್ರ ಟೈಟನ್‌ನ ಶೋಧವೂ ಅವರವೇ. 1695ರಲ್ಲಿ ತೀರಿಕೊಂಡರು. ಡಿಕ್ಕಿ ಕುರಿತ ಅವರ ಪೂರ್ಣ ಗ್ರಂಥ ಅಚ್ಚಾದದ್ದು 1703ರಲ್ಲಿ.