ಧಾರವಾಡದ ಬೌಲರ್ ಪಾಲ್ವಂಕರ್ ಬಾಲೂ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗಿಗೆ ಹೊಸ ತಂಡ ಸೇರಬೇಕಾದರೆ ಕೋಟಿಗಟ್ಟಲೆ ಹಣ ಕಟ್ಟಬೇಕು. ನೂರು ವರ್ಷಗಳ ಹಿಂದೆ ಮುಂಬಯಿ ಕ್ರಿಕೆಟ್ಟಿನಲ್ಲಿ ತಂಡಗಳು ಸೇರುತ್ತಿದ್ದದ್ದು ಧರ್ಮದ ಹೆಸರಿನಲ್ಲಿ. ಮೊದಲು ಯುರೋಪಿಯನ್ನರು, ಪಾರ್ಸಿಗಳು ಮಾತ್ರ ಇದ್ದರು. 1907ರಲ್ಲಿ ಹಿಂದೂ ತಂಡ, 1912ರಲ್ಲಿ ಮುಸ್ಲಿಂ ತಂಡ ಬಂದವು. ಮನೆಯಲ್ಲಿ ಅಬ್ಬಾ ಕೇಳಿದ್ದು ಮುಸ್ಲಿಂ ತಂಡದ ಬಗ್ಗೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಹಿಂದೂ ತಂಡದ ಬಾಲೂ.

ಅವರು ಹುಟ್ಟಿದ್ದು ಧಾರವಾಡದಲ್ಲಿ. 1997ರ ತನಕ ನಮ್ಮ ಹಿರೇಬೆಂಡಿಗೇರಿಯೂ ಧಾರವಾಡ ಜಿಲ್ಲೆಯಲ್ಲೇ ಇತ್ತು, ಹಾಗಾಗಿ ಅವರು ನಮ್ಮವರೇ ಎಂದು ನನ್ನ ಲೆಕ್ಕ.

ದಲಿತ ಕುಟುಂಬ. ತಂದೆಗೆ ಪುಣೆಯಲ್ಲಿ ಸೈನ್ಯದ ಕೆಲಸ. ಬಾಲೂ ಪಾರ್ಸಿಗಳ ಮೈದಾನದಲ್ಲಿ ಪಿಚ್ ಗುಡಿಸಿ ತಿಂಗಳಿಗೆ 3 ರೂಪಾಯಿ ಗಳಿಸುತ್ತಿದ್ದರು. ಆಮೇಲೆ ಇಂಗ್ಲಿಷರ ಪೂನಾ ಕ್ಲಬ್ಬಿನಲ್ಲಿ 4 ರೂಪಾಯಿ. ಅಲ್ಲಿ ದೊರೆಗಳಿಗೆ ನೆಟ್‌ನಲ್ಲಿ ಚೆಂಡು ಹಾಕಿ ಹಾಕಿ ಅವರ ಎಡಗೈ ಸ್ಪಿನ್ ಪಳಗಿತು. ಬ್ಯಾಟ್ ಮಾತ್ರ ಯಾರೂ ಕೈಗೆ ಕೊಡಲಿಲ್ಲ.

ಮುಂದೆ ಪುಣೆಯ ಹಿಂದೂ ಕ್ಲಬ್ ಅವರನ್ನು ಆಡಿಸಿತು. ಆಟದಲ್ಲಿ ಎಲ್ಲರೂ ಮುಟ್ಟುತ್ತಿದ್ದದ್ದು ಅದೇ ಚೆಂಡು. ಚಹಾ ವೇಳೆಗೆ ಮಾತ್ರ ಬಾಲೂಗೆ ಪೆವಿಲಿಯನ್ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ. ಎಷ್ಟು ಸಲ ಓದಿದರೂ ಈ ಲೆಕ್ಕ ನನಗೆ ಟ್ಯಾಲಿ ಆಗುವುದಿಲ್ಲ.

1906ರಲ್ಲಿ ಹಿಂದೂಗಳು ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದ್ದು ಅವರ ಬೌಲಿಂಗ್ ಬಲದಿಂದ. ಮರುವರ್ಷವೇ ಹಿಂದೂ ತಂಡಕ್ಕೆ ಟೂರ್ನಿಯಲ್ಲಿ ಜಾಗ ಸಿಕ್ಕಿತು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಬಾಲೂ 114 ವಿಕೆಟ್ ಕಿತ್ತರು. ಆದರೂ ನಾಯಕನ ಪಟ್ಟ ಬರಲಿಲ್ಲ. 1923ರಲ್ಲಿ ಅದು ಅವರ ತಮ್ಮ ವಿಠ್ಠಲ್‌ಗೆ ಸಿಕ್ಕಿತು. ಆ ಹೊತ್ತಿಗೆ ಅಣ್ಣ ಆಟ ಬಿಟ್ಟಾಗಿತ್ತು. ಬಾಲೂ 1955ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.